ಬಾಯಿಕಾಗದದ ಗೂಡು

ನಿಲ್ಲಿಸುವುದೇ ನನ್ನ ಹಣೆಬರಹ ಎಂದು ಆ ವರ್ಷದ ಆಷಾಢದಲ್ಲಿ ನನಗೆ ಖಾತ್ರಿಯಾಗಿತ್ತು. ಬೆಳಿಗ್ಗೆ ಎದ್ದು ಮನೆಯಲ್ಲಿ ಅಪ್ಪನ ಎಡಗೈ ನಿಲ್ಲಿಸಬೇಕು. ಆಮೇಲೆ ಬಂಗಲೆಗೆ ಹೋಗಿ ದೊರಸಾನಿಯ ಕಾಗದ ನಿಲ್ಲಿಸಬೇಕು. ಎರಡೂ ತಾವಾಗಿ ನಿಲ್ಲುವಂಥವಲ್ಲ. ಸಂಜೆ ಹೊತ್ತಿಗೆ ನಾನೇ ನಿಲ್ಲಲಾರದವನಾಗಿರುತ್ತಿದ್ದೆ. ಅದನ್ನು ಕೇಳುವವರು ಯಾರೂ ಇರಲಿಲ್ಲ.

ಅಪ್ಪನ ಕೈಯ ಸಂಗತಿ ಮೊದಲು ಹೇಳಿಬಿಡುತ್ತೇನೆ. ಹಿಂದಿನ ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆದಿತ್ತು. ಎಡಗೈ ಸತ್ತುಹೋಯಿತು, ಬಾಯಿಯ ಎಡತುದಿ ಕೆಳಕ್ಕೆ ಜಾರಿತು. ಮಾತು ಕೆಲವು ದಿನ ತೊದಲಿ ಮತ್ತೆ ನೆಟ್ಟಗಾಯಿತು. ನಮ್ಮದು ಲಿಂಗ ಕಟ್ಟುವ ಮನೆತನ. ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ಅಪ್ಪ ಒಂದು ಗುಟುಕು ನೀರನ್ನೂ ಕುಡಿದವನಲ್ಲ. ಈಗ ಆ ಅಂಗೈ ಏಳುತ್ತಲೇ ಇರಲಿಲ್ಲ. ಹಾಗಾಗಿ ನಾನು ಸ್ನಾನ ಮುಗಿಸಿ ಬಂದು, ಅದನ್ನು ಎತ್ತಿ, ಮೊಳಕೈ ಕೆಳಗೆ ಕಂಬಳಿ ಮಡಿಚಿ ತುರುಕಿ, ಎದೆಮಟ್ಟಕ್ಕೆ ನಿಲ್ಲಿಸುತ್ತಿದ್ದೆ. ಪೂಜೆ ಮುಗಿಯುವ ತನಕ ಪಕ್ಕದಲ್ಲೇ ಕುಳಿತಿರಬೇಕು, ಏಕೆಂದರೆ ಕಂಬಳಿ ಜಾರುತ್ತಿತ್ತು. ಲಿಂಗ ಕೆಳಗೆ ಬಿದ್ದರೆ ಅಪ್ಪ ಬದುಕಿರುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಅದೊಂದು ಹೆದರಿಕೆಯಲ್ಲೇ ನನ್ನ ದಿನ ಶುರುವಾಗುತ್ತಿತ್ತು.

ನಮ್ಮ ಮನೆ ಇದ್ದದ್ದು ಹಂಪಿ ಬಜಾರಿನ ಸಾಲುಮಂಟಪದೊಳಗೆ. ಕಲ್ಲುಕಂಬಗಳ ನಡುವೆ ಮಣ್ಣಿನ ಗೋಡೆ ಎಬ್ಬಿಸಿಕೊಂಡು ಅಜ್ಜನ ಕಾಲದಿಂದ ಅಲ್ಲೇ ಸಂಸಾರ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ, ನಾನು, ನನ್ನ ಹೆಂಡತಿ, ನನ್ನ ತಂಗಿ, ಇಷ್ಟೇ ಜನ. ಅಪ್ಪ ಕೈಕಾಲು ಗಟ್ಟಿಯಿದ್ದಾಗ ಊಟದ ಸಾಲಿನ ಯಜಮಾನ. ಹೊಸಪೇಟೆ, ಕಂಪ್ಲಿ, ಸಂಡೂರು, ಎಲ್ಲಿ ದೊಡ್ಡ ಊಟವಾದರೂ ಎಲೆ ಹಾಕಿಸಿ ಬಡಿಸುವ ಉಸ್ತುವಾರಿಗೆ ಅವನನ್ನೇ ಕರೆಯುತ್ತಿದ್ದರು. ಸಾಲಿನ ಈ ತುದಿಯಲ್ಲಿ ನಿಂತು ಅವನು ಒಂದು ಮಾತು ಆಡಿದರೆ ಆ ತುದಿಯಲ್ಲಿದ್ದವನ ಕೈಯ ಸೌಟು ಎಚ್ಚರವಾಗುತ್ತಿತ್ತು. ಅಂಥವನು ಲಕ್ವ ಹೊಡೆದ ಮೇಲೆ ಮಂಟಪದ ಹಿಂದಿನ ಕಂಬದ ಮರೆಗೆ ಹೋಗಿ, ಗೋಡೆಗೆ ಮುಖ ಮಾಡಿ ಉಣ್ಣಲು ಶುರು ಮಾಡಿದ. ತುತ್ತು ಬಾಯಿಗೆ ಹೋದರೆ ಅರ್ಧ ಎಡತುದಿಯಿಂದ ಹೊರಗೆ ಬರುತ್ತಿತ್ತು. ಎಡಗೈ ಇಲ್ಲ, ಒರೆಸುವವರಾರು? ಬಲಗೈ ಎಂಜಲು, ಎಂಜಲು ಕೈಯಿಂದ ಹೆಗಲ ಮೇಲಿನ ವಸ್ತ್ರ ಮುಟ್ಟುವಂತಿಲ್ಲ. ಜನ್ಮಪೂರ್ತಿ ಬೇರೆಯವರಿಗೆ ಈ ನೇಮ ಹೇಳಿದವನು ತಾನು ಮುರಿದಾನೇ? ಸಾರು ಗದ್ದದಿಂದ ಎದೆಗೆ ಇಳಿಯಲು ಬಿಟ್ಟು, ಊಟವಾದ ಮೇಲೆ ಕೈ ತೊಳೆದು ಎಲ್ಲಾ ಒಟ್ಟಿಗೆ ಒರೆಸಿಕೊಳ್ಳುತ್ತಿದ್ದ. ನನ್ನ ಹೆಂಡತಿ ತಾಟು ಇಟ್ಟು, ಹಿಂದೆ ನೋಡದೆ ಬರುತ್ತಿದ್ದಳು.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ತಂಗಿಗೆ ಮೆಟ್ರಿಯ ಕಡೆಯಿಂದ ಗಂಡು ಕೂಡಿಬಂತು. ನೀರಾವರಿ ಹೊಲದ ಮಂದಿ, ಹುಡುಗ ಒಳ್ಳೆಯವನು. ಶ್ರಾವಣ ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ನಿಶ್ಚಯದ ಊಟ ಎಂದು ಮಾತಾಯಿತು. ಆ ಊಟದಲ್ಲಿ ಹೆಣ್ಣಿನ ತಂದೆ, ಗಂಡಿನ ತಂದೆ ಸಾಲಿನ ತಲೆಯಲ್ಲಿ ಜೋಡಿಯಾಗಿ ಕೂರಬೇಕು. ಹೆಣ್ಣಿನ ತಂದೆ ಮೊದಲ ತುತ್ತು ಎತ್ತುವ ತನಕ ಯಾರೂ ಎಲೆ ಮುಟ್ಟುವುದಿಲ್ಲ. ಅವನು ಕೂರಲೇ ಇಲ್ಲವೆಂದರೆ ಆ ಮನೆಗೆ ಈ ಸಂಬಂಧದ ಮೇಲೆ ಮನಸ್ಸಿಲ್ಲ ಎಂದೇ ಅರ್ಥ. ಇದನ್ನು ಅಪ್ಪನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ನಾ ಕುಂದ್ರಂಗಿಲ್ಲ," ಎಂದ. "ಬಾಯಿ ಸುರೀತೈತಿ. ಬೀಗ್ರ ಬಾಜೂಕ ಜೊಲ್ಲು ಸುರಿಸ್ಕೋತ ಕುಂದ್ರಲೇನು?"

"ನಾ ಹಿಂದ ಕುಂತು ಒರಸ್ತೀನಪ್ಪಾ."

"ನಾನೇನ್ ಕೂಸೇನಲೇ?"

ಅಲ್ಲಿಗೆ ಮಾತು ಮುಗಿಯಿತು. ತಂಗಿ ಹೊಸ್ತಿಲ ಒಳಗೆ ನಿಂತು ಕೇಳಿಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, "ಅಣ್ಣಾ, ಅಪ್ಪ ಸಾಲಿನ್ಯಾಗ ಕುಂದ್ರದಿದ್ರ ನನಗ ಈ ಲಗ್ನನ ಬ್ಯಾಡ," ಎಂದಳು. ಅಳಲಿಲ್ಲ, ಜಗಳ ಮಾಡಲಿಲ್ಲ. ಹೇಳಿ ನೀರಿಗೆ ಹೋದಳು. ಅವಳು ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇನ್ನು ದೊರಸಾನಿಯ ಕಾಗದ. ನಾನು ಆಗ ಕಮಲಾಪುರದ ಕೆರೆಯ ಹತ್ತಿರದ ಪ್ರವಾಸಿ ಬಂಗಲೆಯನ್ನು ನೋಡಿಕೊಳ್ಳುತ್ತಿದ್ದೆ. ಮೇಜು ಹಾಕುವುದು, ದೀಪ ಹಚ್ಚುವುದು, ಕುದುರೆಗೆ ನೀರು, ಇಂಥವೆಲ್ಲ ನನ್ನವು. ಮಾಂಸದ ಪಾತ್ರೆ ಮುಟ್ಟುವುದು ಅಡುಗೆಯವನ ಪಾಲು. ಅವನು ಮದರಾಸಿನ ಕಡೆಯವನು, ಇಂಗ್ಲಿಷು ಬಲ್ಲವನು. ಆ ಮಳೆಗಾಲ ಹಾಳು ಗುಡಿಗಳ ಚಿತ್ರ ಬರೆಯಲೆಂದು ವಯಸ್ಸಾದ ದೊರಸಾನಿಯೊಬ್ಬಳು ಬಂದು ಬೀಡುಬಿಟ್ಟಳು. ಅವಳ ಊಟದ ವಸ್ತ್ರಗಳನ್ನೆಲ್ಲ ಯಾವುದೋ ಊರಿನ ಅಗಸ ಕಲ್ಲಿಗೆ ಬಡಿದು ಜಾಲರಿ ಮಾಡಿದ್ದನಂತೆ. ಅದಕ್ಕೇ ಮದರಾಸಿನಿಂದ ಪೆಟ್ಟಿಗೆಗಟ್ಟಲೆ ಕಾಗದದ ನ್ಯಾಪ್ಕಿನ್ ತರಿಸಿದ್ದಳು. ತೆಳ್ಳಗೆ, ಬೆಳ್ಳಗೆ, ನಾಲ್ಕು ಮಡಿಕೆ. ಬಾಯಿ ಒರೆಸಿ ಬಿಸಾಡುವುದು. ನಾನು ಅದಕ್ಕೆ ಬಾಯಿಕಾಗದ ಎಂದು ಹೆಸರಿಟ್ಟೆ. ಅಡುಗೆಯವನೂ ಹಾಗೇ ಅನ್ನತೊಡಗಿದ.

ದೊರಸಾನಿಗೆ ಒಳಗೆ ಕೂತು ಉಣ್ಣುವ ಅಭ್ಯಾಸವಿಲ್ಲ. ಪಡಸಾಲೆಯಲ್ಲೇ ಮೇಜು. ಆಷಾಢದ ಗಾಳಿ ನಮ್ಮ ಕಡೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊದಲ ದಿನವೇ ಬಾಯಿಕಾಗದಗಳೆಲ್ಲ ಎದ್ದು ಬಾಳೆತೋಟಕ್ಕೆ ಹಾರಿದವು. ನಾನು ಬಾಳೆಗಿಡಗಳ ನಡುವೆ ಬಗ್ಗಿ ಬಗ್ಗಿ ಆರಿಸಿದೆ. ಕಲ್ಲು ಹೇರಿಟ್ಟರೆ ಒಂದನ್ನು ತೆಗೆಯಲು ಅವಳು ಪ್ರತಿಸಲ ಕಲ್ಲು ಎತ್ತಬೇಕು. ಅದು ಅವಳಿಗೆ ಆಗದು. ಬೆರಳನ್ನು ನೆಟ್ಟಗೆ ನಿಲ್ಲಿಸಿ ತೋರಿಸಿ ಏನೋ ಅಂದಳು. ಅಡುಗೆಯವ ಕನ್ನಡ ಮಾಡಿದ: ಕಾಗದ ಮೇಜಿನ ಮೇಲೆ ನಿಂತಿರಬೇಕು, ಒಂದು ಎಳೆದರೆ ಒಂದೇ ಬರಬೇಕು, ಉಳಿದವು ಬೀಳಬಾರದು. ಅಂಥದೊಂದನ್ನು ಮಾಡಿಸಿಕೊಡು.

ಕೇಳಲಿಕ್ಕೆ ಎಷ್ಟು ಸಣ್ಣ ಕೆಲಸ! ನಾನೂ ಹಾಗೇ ಅಂದುಕೊಂಡೆ. ಬಿದಿರು ಸೀಳಿ ಅದರ ಬಾಯಲ್ಲಿ ಕಾಗದ ಕಚ್ಚಿಸಿದೆ. ಬಿಗಿ ಜಾಸ್ತಿಯಾಗಿ, ಎಳೆದರೆ ಹರಿದೇ ಬರುತ್ತಿತ್ತು. ಸ್ವಲ್ಪ ಸಡಿಲಿಸಿದರೆ ಇಡೀ ಕಂತೆ ಕೈಗೆ ಬಂತು. ಸಂಡೂರಿನ ತೇಗದ ತುಂಡೊಂದು ಬಂಗಲೆಯ ಅಟ್ಟದಲ್ಲಿತ್ತು. ಅದನ್ನು ಹೊಸಪೇಟೆಗೆ ಒಯ್ದು, ಬಡಿಗೇರನ ಕೈಕಾಲು ಹಿಡಿದು, ನಡುವೆ ಸೀಳು ಕೊರೆಸಿದೆ. ಕಾಗದ ತುಂಬಿದ್ದಾಗ ಚೆನ್ನಾಗಿ ನಿಂತವು. ದೊರಸಾನಿ ಕೆಲವನ್ನು ತೆಗೆದಳೋ ಇಲ್ಲವೋ, ಉಳಿದವು ಹೆಂಡ ಕುಡಿದವರ ಹಾಗೆ ನಡು ಮುರಿದು ಮುಂದಕ್ಕೆ ಬಾಗಿದವು. ಅಷ್ಟರಲ್ಲಿ ಗಾಳಿ ಬಂತು. ಮತ್ತೆ ಬಾಳೆತೋಟ, ಮತ್ತೆ ನನ್ನ ಸೊಂಟ.

ಬಡಿಗೇರ ಎರಡನೆಯ ಸಲ ನನ್ನನ್ನು ಕಂಡಾಗ ಉಳಿ ಕೆಳಗಿಟ್ಟ. "ಬಾಯಿ ಒರಸಾಕ ಇಷ್ಟು ರಾದ್ಧಾಂತನಾ? ಧೋತರದ ಚುಂಗು ಇಲ್ಲೇನು ಆಕಿ ಹಂತ್ಯಾಕ?" ಎಂದ. ದೊರಸಾನಿಗೆ ಧೋತರ ಎಲ್ಲಿಂದ ತರಲಿ ಎಂದು ನಾನು ಅಂದರೆ ಅವನಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ಹೊಸಪೇಟೆಯಿಂದ ಬರುವ ಎತ್ತಿನಗಾಡಿ ತಪ್ಪಿ, ನಡೆದೇ ಮನೆಗೆ ಬಂದೆ. ಕಾಲುಗಳು ಹೊತ್ತುಕೊಂಡು ಬಂದದ್ದು ನನ್ನನ್ನಲ್ಲ, ಬೇರೆ ಯಾರನ್ನೋ ಎನ್ನುವ ಹಾಗಿತ್ತು.

ಆ ಮರದ ತುಂಡನ್ನೂ ಒಂದು ಕಂತೆ ಕಾಗದವನ್ನೂ ಮನೆಗೇ ತಂದಿದ್ದೆ, ಪುರುಸೊತ್ತಿನಲ್ಲಿ ನೋಡೋಣವೆಂದು. ನೆಲದ ಮೇಲಿಟ್ಟು ಹಾಗೇ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ. ಹುಡುಕಿದರೆ ದೇವರ ಜಗಲಿಯ ಮೇಲಿತ್ತು. ಮರಕ್ಕೆ ಮೂರೆಳೆ ವಿಭೂತಿ, ಕಾಗದಕ್ಕೂ ಒಂದೆಳೆ, ಮುಂದೆ ಕಣಗಿಲ ಹೂವು.

"ನೆಲದ ಮ್ಯಾಲೆ ಇಟ್ಟಿದ್ರಿ," ಎಂದಳು ಹೆಂಡತಿ. "ಕಾಲಿಗೆ ತಾಗಿದ್ರ ಏನ್ ಗತಿ? ಪುರಾಣದ ಹಾಳಿ ಅಂತ ಮಾಡಿದ್ದೆ."

"ಬಾಯಿ ಒರಸೂ ಕಾಗದ ಅದು."

ಅವಳು ಎರಡೂ ಕೆನ್ನೆ ಬಡಿದುಕೊಂಡಳು. "ಶಿವಶಿವಾ! ಸರಸ್ವತಿಗೆ ಎಂಜಲ ಹಚ್ತಾರಾ?"

ನಾನು ವಿಭೂತಿ ಕೊಡವಿ ಬಂಗಲೆಗೆ ಒಯ್ದೆ. ಪೂರ್ತಿ ಹೋಗಿರಲಿಲ್ಲವೆಂದು ಕಾಣುತ್ತದೆ. ಮಧ್ಯಾಹ್ನ ದೊರಸಾನಿ ಬಾಯಿ ಒರೆಸಿಕೊಂಡಾಗ ಅವಳ ಮೇಲ್ತುಟಿಗೆ ಒಂದೆಳೆ ಬೂದಿ ಬಂತು. ಅದನ್ನೇ ಹಚ್ಚಿಕೊಂಡು ಸಂಜೆತನಕ ವಿರೂಪಾಕ್ಷನ ಗೋಪುರದ ಚಿತ್ರ ಬರೆದಳು. ಅಡುಗೆಯವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಆ ಆಷಾಢದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಅಪ್ಪ ಈ ಎಲ್ಲಾ ಗಡಿಬಿಡಿಯನ್ನು ಕಂಬದ ಮರೆಯಿಂದ ನೋಡುತ್ತಿದ್ದ. ಒಂದು ಸಂಜೆ ನಾನು ಕಾಗದವನ್ನು ಸೀಳಿನಲ್ಲಿ ನಿಲ್ಲಿಸುವುದು, ಅದು ಬೀಳುವುದು, ಮತ್ತೆ ನಿಲ್ಲಿಸುವುದು ನಡೆದೇ ಇತ್ತು. ಅವನಿಗೆ ರೇಗಿತು.

"ನೆಟ್ಟಗ ನಿಲ್ಲಿಸಬ್ಯಾಡಲೇ. ಎಲಿ ಪೆಂಡಿ ನಾ ಹೆಂಗ ಹಿಡೀತಿದ್ದೆ? ಎದಿಗೆ ಆನಿಸ್ಕೊಂಡು. ಹಿಂದಕ ವಾಲಬೇಕು ಅದು."

ಇಷ್ಟು ಹೇಳಿ ಆ ಕಡೆ ತಿರುಗಿ ಮಲಗಿದ. ನನಗೆ ಅವನ ಹಳೆಯ ನಿಲುವು ಕಣ್ಣಿಗೆ ಕಟ್ಟಿತು: ಎಡಗೈ ಬಾಗಿಸಿ, ಮುತ್ತುಗದೆಲೆಯ ಪತ್ರಾವಳಿಗಳನ್ನು ಎದೆಗೆ ಒರಗಿಸಿಕೊಂಡು, ಬಲಗೈಯಿಂದ ಒಂದೊಂದೇ ಎಳೆದು ಹಾಕುತ್ತ ಸಾಲಿನುದ್ದಕ್ಕೆ ಹೋಗುತ್ತಿದ್ದವನು. ಎಲೆ ಕಡಿಮೆಯಾದಂತೆ ಆ ಎಡಗೈ ತಾನಾಗಿ ಎದೆಯ ಹತ್ತಿರ ಸರಿಯುತ್ತಿತ್ತು. ಅಂದರೆ ಹಿಂದೆ ಒಂದು ಎದೆ ಬೇಕು, ಮುಂದೆ ಒಂದು ಕೈ ಬೇಕು. ಕಾಗದ ಕರಗಿದಷ್ಟೂ ಕೈ ಒಳಕ್ಕೆ ಬರಬೇಕು. ಆ ಕೈ ಈಗ ಅಪ್ಪನ ತೊಡೆಯ ಮೇಲೆ ಸತ್ತು ಬಿದ್ದಿತ್ತು. ದೊರಸಾನಿಗೆ ಬೇಕಾದದ್ದೂ ಅಪ್ಪನಿಗೆ ಬೇಕಾದದ್ದೂ ಒಂದೇ ಎಂದು ಹೊಳೆದದ್ದು ಆಗಲೇ: ಒಂದೇ ಕೈಯಲ್ಲಿ, ಎರಡೇ ಬೆರಳಲ್ಲಿ ಎಳೆದರೆ ಬರುವಂಥದ್ದು, ಇನ್ನೊಂದು ಕೈ ಬೇಡದಂಥದ್ದು.

ಆಮೇಲೆ ಬಾಯಿಕಾಗದ ನಿಲ್ಲುವ ಗೂಡು ತಾನಾಗಿ ಆಯಿತು ಅನ್ನಲಾರೆ, ಬಡಿಗೇರನ ಬೈಗುಳ ತಿಂದೇ ಆಯಿತು. ತಳಕ್ಕೆ ಹೊಳೆದಂಡೆಯ ಚಪ್ಪಟೆ ಕಲ್ಲು, ಗಾಳಿಗೆ ಅಲುಗದ ಹಾಗೆ. ಅದರ ಮೇಲೆ ಹಿಂದಕ್ಕೆ ಸ್ವಲ್ಪ ವಾಲಿದ ತೇಗದ ಹಲಗೆ, ಎರಡು ಬದಿಗೆ ಗಿಡ್ಡ ಗೋಡೆ. ಮುಂದೆ ಒಂದು ತೆಳು ಹಲಗೆ, ಬುಡದಲ್ಲಿ ತಂತಿಯ ಕೀಲು. ಇಲಿಬೋನಿನ ಬಾಗಿಲ ಹಾಗೆ ಅದು ತನ್ನ ಭಾರಕ್ಕೆ ತಾನೇ ಒಳಕ್ಕೆ ಬೀಳುತ್ತಿತ್ತು. ಕಾಗದದ ತಲೆ ಮಾತ್ರ ಮೇಲೆ ಕಾಣುವಷ್ಟು ಅದರ ಎತ್ತರ. ಒಂದು ಎಳೆದರೆ ಮುಂದಿನ ಹಲಗೆ ಟಪ್ ಎಂದು ಸಣ್ಣಗೆ ಸರಿದು ಉಳಿದವನ್ನು ಅಪ್ಪಿಕೊಳ್ಳುತ್ತಿತ್ತು. ಕೊನೆಯ ಒಂದೇ ಒಂದು ಕಾಗದ ಉಳಿದರೂ ಅದು ನಿಂತೇ ಇರುತ್ತಿತ್ತು. ಬಡಿಗೇರ ಕೂಡ ಎರಡು ಸಲ ಎಳೆದು ನೋಡಿ ಬೀಡಿ ಹಚ್ಚಿದ.

ಮೇಜಿನ ಮೇಲಿಟ್ಟ ದಿನ ದೊರಸಾನಿ ಒಂದು ಎಳೆದಳು, ತಲೆ ಆಡಿಸಿದಳು, ಮತ್ತೆ ಪುಸ್ತಕ ಓದತೊಡಗಿದಳು. ಇಷ್ಟೇನಾ ಅನ್ನಿಸಿತು. ಬಾಳೆತೋಟದಲ್ಲಿ ಬಗ್ಗಿದ್ದು, ಹೊಸಪೇಟೆಗೆ ಎಡತಾಕಿದ್ದು ಎಲ್ಲ ನೆನಪಾಗಿ ಮೈಯ ಶಕ್ತಿಯೇ ಇಳಿದುಹೋಯಿತು. ಅವಳಿಗೇನು, ನಿಂತಿತು ಎಂದ ಮೇಲೆ ಅದು ಇತ್ತೆನ್ನುವುದೇ ಮರೆತುಹೋಯಿತು. ಶ್ರಾವಣ ಹತ್ತಿರವಾದಂತೆ ಗಾಳಿಯೂ ಬಿದ್ದುಹೋಯಿತು. ದೊರಸಾನಿ ಚಿತ್ರಗಳನ್ನು ಸುತ್ತಿ ಮದರಾಸಿಗೆ ಹೊರಟಳು. ಗೂಡನ್ನು ಮೊದಲು ಟ್ರಂಕಿಗೆ ಹಾಕಿದ್ದಳಂತೆ. ಕಲ್ಲಿನ ಭಾರಕ್ಕೆ ಟ್ರಂಕು ಏಳಲಿಲ್ಲವೆಂದು ಅಡುಗೆಯವ ಅದನ್ನು ತೆಗೆದು ಮತ್ತೆ ಮೇಜಿನ ಮೇಲಿಟ್ಟ. ನಾನು ಅವನ ಬಾಯಲ್ಲಿ ಕೇಳಿಸಿದೆ, ಇದನ್ನೂ ಒಂದು ಕಂತೆ ಬಾಯಿಕಾಗದವನ್ನೂ ನನಗೆ ಕೊಡಬಹುದೇ ಎಂದು. ದೊರಸಾನಿ ನನ್ನ ಮುಖವನ್ನು ಅಂದೇ ಮೊದಲು ಸರಿಯಾಗಿ ನೋಡಿದಳು. ಯಾಕೆಂದು ಕೇಳಲಿಲ್ಲ, ಕೊಟ್ಟಳು.

ಯಾಕೆಂದು ಕೇಳಿದವನು ಅಪ್ಪ. ಹೇಳಿದೆ. ಎಂಜಲು ಕೈಯಿಂದ ವಸ್ತ್ರ ಮುಟ್ಟುವುದು ಬೇಡ, ಇದು ವಸ್ತ್ರವಲ್ಲ, ಎರಡು ಬೆರಳಲ್ಲಿ ಎಳೆದರೆ ಸಾಕು, ನಿನ್ನ ಬಾಯಿ ನೀನೇ ಒರೆಸಿಕೊಳ್ಳಬಹುದು ಎಂದೆ. ಅವನು ಒಂದು ಕಾಗದ ತೆಗೆದು ತೊಡೆಯ ಮೇಲೆ ಹರವಿ, ಬೆರಳಾಡಿಸಿ, ಕಣ್ಣಿಗೆ ಒತ್ತಿಕೊಂಡು ಮತ್ತೆ ಅಲ್ಲೇ ಇಟ್ಟ.

"ಕಾಗದಕ್ಕ ಬಾಯಿ ಒರಸಿದ್ರ ನಾಲಿಗಿ ಬಿದ್ದು ಹೋದೀತು. ಇದ್ದದ್ದ ಅರ್ಧ ಬಾಯಿ."

ನನಗೆ ಸಿಟ್ಟು ಬಂತು. ಗೂಡನ್ನು ಎತ್ತಿ ಮೂಲೆಗೆ ಸರಿಸಿದೆ.

ನಿಶ್ಚಯದ ದಿನ ಬೆಳಿಗ್ಗೆ ನಾನು ಅಪ್ಪನ ಕೈ ನಿಲ್ಲಿಸಿದೆ. ಪೂಜೆ ಮುಗಿಸಿ ಅವನು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಸಿಕೊಂಡ. ಆಮೇಲೆ, "ಕುಂದ್ರತೀನಿ," ಎಂದ. "ಒಂದು ತುತ್ತು ಎತ್ತತೀನಿ. ಅಷ್ಟ. ಆಮ್ಯಾಲೆ ಎಬ್ಬಿಸಿ ಒಳಗ ಕರ್ಕೊಂಡು ಹೋಗಿಬಿಡು." ತಂಗಿಯ ಮಾತು ಅವನ ಕಿವಿಗೆ ಬಿದ್ದಿತ್ತೆಂದು ಆಗ ಗೊತ್ತಾಯಿತು. ಊಟದ ನಡುವೆ ಯಜಮಾನ ಎದ್ದು ಹೋಗುವುದು ಕೂರದಿರುವುದಕ್ಕಿಂತ ಕೆಟ್ಟದ್ದು. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಮೆಟ್ರಿಯವರು ಎರಡು ಗಾಡಿಯಲ್ಲಿ ಬಂದರು. ಬೀಗರು ದಪ್ಪ ಮೀಸೆಯ, ಕಡಿಮೆ ಮಾತಿನ ಆಳು. ಗದ್ದೆ ಕೆಸರಿನಲ್ಲಿ ನಡೆದು ನಡೆದು ಅಗಲವಾದ ಪಾದ. ಮಂಟಪದಲ್ಲಿ ಪತ್ರಾವಳಿ ಹಾಕಿದೆವು. ಸಾಲಿನ ತಲೆಯಲ್ಲಿ ಅಪ್ಪ, ಅವನ ಬಲಕ್ಕೆ ಬೀಗರು. ನಾನು ಏನನ್ನೂ ಕೇಳದೆ ಗೂಡನ್ನು ತಂದು ಇಬ್ಬರ ನಡುವೆ ಇಟ್ಟೆ. ಅಪ್ಪ ಅದರ ಕಡೆ ನೋಡಲಿಲ್ಲ. ನಿಶ್ಚಯ ಮಾಡಿಸಲು ಬಂದಿದ್ದ ಮಠದ ಅಯ್ಯನವರು ಹರಹರ ಅಂದರು. ಅಪ್ಪ ಮೊದಲ ತುತ್ತು ಎತ್ತಿದ.

ಕಟ್ಟಿನ ಸಾರು ಕಲೆಸಿದ ಅನ್ನ. ಬಾಯಿಗೆ ಹೋಯಿತು, ಎಡತುದಿಯಿಂದ ಸಾರು ಇಳಿಯಿತು. ಗದ್ದದವರೆಗೆ ಬಂದು ಅಲ್ಲೇ ನಿಂತಿತು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಎಲೆಯನ್ನೇ ನೋಡತೊಡಗಿದರು. ಅಷ್ಟು ಜನ ಒಟ್ಟಿಗೆ ತಲೆ ತಗ್ಗಿಸಿದ್ದು, ಅಪ್ಪನನ್ನೇ ದಿಟ್ಟಿಸಿ ನೋಡಿದ್ದರೂ ಆಗದಷ್ಟು ಅವಮಾನವಾಯಿತು. ಅಡುಗೆಮನೆಯ ಬಾಗಿಲಲ್ಲಿ ತಂಗಿಯ ಸೀರೆ ಕಂಡಿತು. ಅಪ್ಪ ನನ್ನ ಕಡೆ ನೋಡಿದ. ಎಬ್ಬಿಸು ಎನ್ನುವ ನೋಟ. ನಾನು ಅನ್ನದ ಬುಟ್ಟಿ ಕೆಳಗಿಟ್ಟೆ.

"ಏನ್ರಿ ಇದು?" ಎಂದರು ಬೀಗರು, ಗೂಡಿನ ಕಡೆ ಕೈ ತೋರಿಸಿ.

"ಬಾಯಿ ಒರಸ್ಕೊಳ್ಳೋ ಕಾಗದ್ರಿ."

"ಒರಸ್ಕೊಂಡು?"

"ಒಗದು ಬಿಡೂದ್ರಿ."

"ಹಂಗಾದ್ರ ಎಲಿ ಇದ್ದಂಗ ಆತು," ಎಂದರು. "ಅಕ್ಷರ ಏನೂ ಇಲ್ಲಲ್ಲ ಇದರಾಗ."

ಅವರ ಕೈ ಇನ್ನೂ ಎಲೆಗೆ ಹೋಗಿರಲಿಲ್ಲ. ಒಂದು ಅಗುಳೂ ಬಾಯಿಗೆ ಬಿದ್ದಿರಲಿಲ್ಲ. ಒಂದು ಕಾಗದ ಎಳೆದು, ಒಣಗಿದ ಮೀಸೆಯನ್ನು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಒರೆಸಿಕೊಂಡರು. ಮಡಿಚಿ ಎಲೆಯ ಕೆಳಗಿಟ್ಟರು. ಆಮೇಲೆ ಉಣ್ಣಲು ಶುರು ಮಾಡಿದರು. ಅಪ್ಪನ ಮುಖ ನೋಡಲಿಲ್ಲ.

ಅಪ್ಪ ಬೀಗರ ಎಲೆಯ ಕೆಳಗಿನ ಕಾಗದ ನೋಡಿದ. ಆಮೇಲೆ ಬಲಗೈ ಮುಂದೆ ಬಂತು. ಎಲ್ಲರಿಗೂ ಅವನ ಬಾಯಿಯ ಚಿಂತೆಯಾದರೆ ನನಗೆ, ಏನು ಹೇಳಲಿ, ಗೂಡಿನದೇ ಚಿಂತೆ. ಇಷ್ಟು ದಿನ ಬೀಳುವುದನ್ನು ನೋಡಿ ನೋಡಿ ಹಾಗಾಗಿತ್ತು. ಎರಡು ಬೆರಳ ತುದಿಯಲ್ಲಿ ಅವನು ಎಳೆದ. ಒಂದೇ ಬಂತು. ಟಪ್ ಎಂದು ಮುಂದಿನ ಹಲಗೆ ಒಳಕ್ಕೆ ಸರಿಯಿತು. ಉಳಿದವು ನಿಂತಿದ್ದವು. ಅವನು ಗದ್ದ ಒರೆಸಿಕೊಂಡ, ಮಡಿಚಿದ, ಬೀಗರು ಇಟ್ಟ ಹಾಗೆಯೇ ಎಲೆಯ ಕೆಳಗಿಟ್ಟ. ಇನ್ನೊಂದು ತುತ್ತು ಎತ್ತಿದ. ಇನ್ನೊಂದು ಕಾಗದ ಎಳೆದ.

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ.

"ಏನ್ ನಿಂತಿಯಲೇ? ಬೀಗ್ರ ಎಲಿ ಖಾಲಿ ಐತಿ. ಹೋಳಿಗಿ ಬಡಸು. ಆ ತುದ್ಯಾಗ ತುಪ್ಪ ಹೋಗಿಲ್ಲ, ಯಾರ್ ನೋಡಾಕತ್ತೀರಿ?"

ಸಾಲಿನ ಆ ತುದಿಯವರೆಗೆ ಕೇಳಿಸಿತು. ನನ್ನ ಹೆಂಡತಿ ತುಪ್ಪದ ಗಿಂಡಿ ಹಿಡಿದು ಓಡಿದಳು. ನಾನು ಹೋಳಿಗೆ ಬಡಿಸಿದೆ, ಅನ್ನ ಬಡಿಸಿದೆ, ಮತ್ತೆ ಹೋಳಿಗೆ ಬಡಿಸಿದೆ. ಅಪ್ಪ ಕೊನೆಯವರೆಗೂ ಎದ್ದೇಳಲಿಲ್ಲ. ಬೈಯುತ್ತಲೇ ಇದ್ದ.

ಎಲ್ಲರ ಊಟವಾಗಿ, ವೀಳ್ಯ ಬದಲಾಗಿ, ಮೆಟ್ರಿಯವರು ಮಂಟಪದ ಮುಂದೆ ಅಡ್ಡಾದ ಮೇಲೆ ತಂಗಿ ನನಗೊಂದು ತಾಟು ತಂದುಕೊಟ್ಟಳು. ಎಲ್ಲಿ ನೋಡಿದರೂ ಮಂದಿ. ಕೂರಲು ಖಾಲಿ ಇದ್ದದ್ದು ಹಿಂದಿನ ಕಂಬದ ಮರೆ ಒಂದೇ. ಅಲ್ಲಿ ಅಪ್ಪನ ಮಣೆಯ ಮೇಲೆ, ಅವನು ಕೂರುತ್ತಿದ್ದ ಹಾಗೆಯೇ ಗೋಡೆಗೆ ಮುಖ ಮಾಡಿ ಕುಳಿತೆ. ಮಣ್ಣಿನ ಗೋಡೆ. ಕಣ್ಣೆದುರು ಒಂದು ಬಿರುಕು, ಅದರ ಪಕ್ಕ ಸಾರಿನ ಒಣಗಿದ ಕಲೆ. ಚಳಿಗಾಲದಿಂದ ಶ್ರಾವಣದವರೆಗೆ ಎರಡು ಹೊತ್ತೂ ಅವನು ನೋಡಿದ್ದು ಇದನ್ನೇ. ದಿನಾ ಬೆಳಿಗ್ಗೆ ಅವನ ಪಕ್ಕದಲ್ಲೇ ಕೂತಿರುತ್ತಿದ್ದ ನಾನು ಒಂದು ಸಲವಾದರೂ ಇಲ್ಲಿ ಬಂದು ಕೂತು ನೋಡಿರಲಿಲ್ಲ. ಹೋಳಿಗೆ ಮುರಿದು ಬಾಯಿಗಿಟ್ಟೆ. ಆ ಕಡೆ ಅಪ್ಪ ಬೀಗರಿಗೆ ಎಲೆ ಹಾಕುವ ಕ್ರಮ ವಿವರಿಸುತ್ತಿದ್ದ.